ಕಲ್ಲಿನ ಆರ್ಡರ್ ಹೋದ ಮೇಲೆ ಬಂದ ಸಿಂಪಿಗಳು: ಉತ್ತರ ಸಮುದ್ರದ ಒಂದು ಪ್ರಕರಣ

ನಾವು ಮೊದಲ ಸಭೆಗೆ ಹೋಗುವ ಹೊತ್ತಿಗೆ ಕಲ್ಲಿನ ಆರ್ಡರ್ ಹೋಗಿ ಹದಿನೈದು ದಿನ ಆಗಿತ್ತು. ಮುಂದೆ ಏನೇನು ಎಡವಟ್ಟಾಯಿತೋ ಅದರಲ್ಲಿ ಅರ್ಧದಷ್ಟಕ್ಕೆ ಕಾರಣ ಇದೇ.

ಯಾವ ಕಲ್ಲು, ಸಮುದ್ರಕ್ಕೆ ಕಲ್ಲು ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲು ಗುರುತಿನ ಬಗ್ಗೆ ಒಂದು ಮಾತು. ಇದು ನೆದರ್‌ಲ್ಯಾಂಡ್ಸ್ ಪಾಲಿನ ಉತ್ತರ ಸಮುದ್ರದಲ್ಲಿ ಕಟ್ಟಿದ ಒಂದು ಗಾಳಿ ವಿದ್ಯುತ್ ಯೋಜನೆಯ ಕಥೆ. ನಾನು ಅಲ್ಲಿ ಪರಿಸರ ತಂಡದಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡಿದವನು. ಯೋಜನೆಯ ಹೆಸರು, ಕಂಪನಿ, ವರ್ಷ, ಬಂದರು ಎಲ್ಲ ಬಿಟ್ಟಿದ್ದೇನೆ. ಸಿಂಪಿಗಳ ಎಣಿಕೆಯನ್ನೂ ಕೊಡುವುದಿಲ್ಲ, ಅದನ್ನು ನೋಡಿದರೆ ಗೊತ್ತಿದ್ದವರು ಯಾವ ಯೋಜನೆ ಅಂತ ಹೇಳಿಬಿಡುತ್ತಾರೆ. ಜನರನ್ನು ಅವರ ಕೆಲಸದ ಹೆಸರಿನಿಂದಲೇ ಕರೆಯುತ್ತೇನೆ. ತಪ್ಪು ಯಾರದ್ದು ಅಂತ ಹುಡುಕುವುದಕ್ಕಿಂತ ಯಾವ ದಿನ ಯಾವ ತೀರ್ಮಾನ ಆಯಿತು, ಅದರಿಂದ ಏನಾಯಿತು ಅನ್ನುವುದು ಮುಖ್ಯ.

ಹಿನ್ನೆಲೆ

ಉತ್ತರ ಸಮುದ್ರದ ದಕ್ಷಿಣ ಭಾಗ ಅಂಥ ಆಳವೇನಲ್ಲ. ಹೆಚ್ಚಿನ ಕಡೆ 20ರಿಂದ 40 ಮೀಟರ್. ತಳದಲ್ಲಿ ಮರಳೇ ಮರಳು. ಗಾಳಿಯಂತ್ರ ನಿಲ್ಲಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಡೆನ್ಮಾರ್ಕಿನ ವಿಂಡೆಬಿಯಲ್ಲಿ 1991ರಲ್ಲಿ 11 ಸಣ್ಣ ಯಂತ್ರಗಳಿಂದ ಶುರುವಾದದ್ದು ಈಗ ಎಲ್ಲಿಗೆ ಬಂದಿದೆ ನೋಡಿ: 2023ರ ಏಪ್ರಿಲ್‌ನಲ್ಲಿ ಬೆಲ್ಜಿಯಮ್ಮಿನ ಓಸ್ಟೆಂಡ್‌ನಲ್ಲಿ ಸೇರಿದ ಒಂಬತ್ತು ದೇಶಗಳು 2030ರೊಳಗೆ 120 ಗಿಗಾವಾಟ್, 2050ರೊಳಗೆ 300 ಗಿಗಾವಾಟ್ ಅಂತ ಗುರಿ ಇಟ್ಟುಕೊಂಡಿವೆ.

ಯಂತ್ರದ ಬುಡ ಅಂದರೆ ಒಂದು ದೈತ್ಯ ಉಕ್ಕಿನ ಕೊಳವೆ. ಮೊನೊಪೈಲ್ ಅನ್ನುತ್ತಾರೆ. ಅದರ ಬಾಯೊಳಗೆ ಒಂದು ಬಸ್ಸನ್ನು ನುಗ್ಗಿಸಬಹುದು ಅಷ್ಟು ಅಗಲ. ಅದನ್ನು ಸುತ್ತಿಗೆಯಲ್ಲಿ ಹೊಡೆದು ಮರಳೊಳಗೆ ಇಳಿಸುತ್ತಾರೆ. ಆಮೇಲೆ ಒಂದು ತೊಂದರೆ ಶುರು. ಕಡಲಲ್ಲಿ ಅಲೆ ಹಿಂದೆ ಸರಿಯುವಾಗ ನಿಮ್ಮ ಹಿಮ್ಮಡಿಯ ಸುತ್ತ ಮರಳು ಕೊಚ್ಚಿಹೋಗಿ ಕಾಲು ಕುಸಿಯುತ್ತದಲ್ಲ, ಕೊಳವೆಯ ಸುತ್ತಲೂ ಹಾಗೇ ಆಗುತ್ತದೆ. ಅದನ್ನು ತಡೆಯಲು ಬುಡದ ಸುತ್ತ ದೊಡ್ಡ ಚಕ್ರದ ಹಾಗೆ ಕಲ್ಲು ಹಾಸುತ್ತಾರೆ. ಕೆಳಗೆ ಸಣ್ಣ ಜಲ್ಲಿ, ಮೇಲೆ ದಪ್ಪ ಕಲ್ಲು. ನಾನು ಹೇಳಿದ ಆರ್ಡರ್ ಈ ಕಲ್ಲಿನದ್ದು.

ಇನ್ನು ಸಿಂಪಿಯ ವಿಷಯ. ಇವತ್ತು ಬರೀ ಮರಳಾಗಿರುವ ಈ ತಳ ಒಂದು ಕಾಲದಲ್ಲಿ ಹೀಗಿರಲಿಲ್ಲ. ಡಚ್, ಅಂದರೆ ನೆದರ್‌ಲ್ಯಾಂಡ್ಸ್ ಪಾಲಿನ ತಳದಲ್ಲಿ ಸುಮಾರು ಶೇ 20ರಷ್ಟು ಜಾಗದಲ್ಲಿ ಅಲ್ಲಿಯದೇ ಆದ ಚಪ್ಪಟೆ ಸಿಂಪಿಗಳ ಹಾಸು ಇತ್ತು ಅಂತ ಅಂದಾಜಿದೆ. 1883ರ ಒಂದು ಮೀನುಗಾರಿಕೆ ನಕ್ಷೆಯಲ್ಲಿ ಈ ಹಾಸುಗಳನ್ನು ದೊಡ್ಡದಾಗಿ ಗುರುತಿಸಿದ್ದಾರೆ. ಒಂದರ ಮೇಲೊಂದು ಕೂತು, ಸತ್ತವರ ಚಿಪ್ಪಿನ ಮೇಲೆ ಮಕ್ಕಳು ಬೆಳೆದು, ತಲೆಮಾರುಗಟ್ಟಲೆ ಆದ ಗಟ್ಟಿ ನೆಲ ಅದು. ಅದರ ಸಂದಿಗಳಲ್ಲಿ ಏಡಿ, ಹುಳು, ಮೀನಿನ ಮರಿ. ಬಲೆಯಲ್ಲಿ ಗೋರಿ ಗೋರಿ ತಿಂದರು. ತಳ ಕೆರೆಯುವ ಬಲೆಗಳು ಉಳಿದದ್ದನ್ನೂ ಕಿತ್ತವು. 1980ರ ಸುಮಾರಿಗೆ ಬೊನಾಮಿಯಾ ಅನ್ನುವ ಪರೋಪಜೀವಿ ಬಂದು ದಂಡೆಯ ಸಾಕಣೆಯಲ್ಲಿದ್ದವನ್ನೂ ಕೊಂದಿತು. ಚಿಪ್ಪು ಹೋದರೆ ಮರಿಗೆ ಕೂರಲು ಜಾಗ ಇಲ್ಲ, ಮರಿ ಕೂರದೆ ಚಿಪ್ಪು ಇಲ್ಲ. ಹಾಗಾಗಿ ಬಲೆ ನಿಲ್ಲಿಸಿದ ಮಾತ್ರಕ್ಕೆ ಅವು ತಾವಾಗಿ ವಾಪಸು ಬರುವುದಿಲ್ಲ.

ಡಚ್ ಗಾಳಿ ವಿದ್ಯುತ್ ಜಾಗಗಳ ಒಳಗೆ ತಳ ಕೆರೆಯುವ ಬಲೆ ಹಾಕುವ ಹಾಗಿಲ್ಲ. ಅಲ್ಲಿ ಗಟ್ಟಿ ಕಲ್ಲೂ ಇರುತ್ತದೆ. ಅಂದಮೇಲೆ ಸಿಂಪಿಯನ್ನು ಅಲ್ಲೇ ಯಾಕೆ ಮತ್ತೆ ತರಬಾರದು? ಈ ಯೋಚನೆ ನಮ್ಮದೇನಲ್ಲ, ಆ ದೇಶದಲ್ಲಿ ಹಲವರು ಪ್ರಯತ್ನ ಮಾಡಿದ್ದಾರೆ, ಮಾಡುತ್ತಿದ್ದಾರೆ. ಸರ್ಕಾರ ಕೊಡುವ ಪರವಾನಗಿಯಲ್ಲೂ, ಇಲ್ಲಿಯ ಸಹಜ ಜೀವಿಗಳಿಗೆ ಅನುಕೂಲವಾಗುವ ಹಾಗೆ ಕಟ್ಟಲು ಪ್ರಯತ್ನಿಸಬೇಕು ಅನ್ನುವ ಷರತ್ತು ಬಂದಿದೆ. ನಮ್ಮ ಯೋಜನೆಗೂ ಇತ್ತು. ‘ಪ್ರಯತ್ನಿಸಬೇಕು’ ಅಂತ ಅಷ್ಟೇ. ಎಷ್ಟು, ಎಲ್ಲಿ, ಯಾವಾಗ ಅಂತ ಇಲ್ಲ.

ತೊಡಕು

ಮೊದಲ ಸಭೆಯಲ್ಲಿ ನಾವು ಒಂದು ಚಂದದ ಚಿತ್ರ ತೋರಿಸಿದೆವು. ಕೊಳವೆಯ ಬುಡ, ಸುತ್ತ ದಪ್ಪ ಕಲ್ಲು, ಕಲ್ಲಿನ ಸಂದಿಯಲ್ಲಿ ಕಾಡ್ (cod) ಅನ್ನುವ ಮೀನು, ಮೇಲೆ ಸಿಂಪಿ. ಅಡಿಪಾಯದ ಎಂಜಿನಿಯರ್ ಸಮಾಧಾನದಿಂದ ನೋಡಿದರು. ಆಮೇಲೆ ಕೇಳಿದರು: ‘ನೀವು ತೋರಿಸಿದ ಕಲ್ಲು ಎಷ್ಟು ಕೆಜಿಯದ್ದು?’

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಚಿತ್ರ ಬಿಡಿಸಿದವರಿಗೆ ನಾವು ‘ದೊಡ್ಡ ಕಲ್ಲು’ ಅಂತ ಹೇಳಿದ್ದೆವು, ಅಷ್ಟೇ.

ಕಲ್ಲನ್ನು ಅಲ್ಲಿ ತೂಕದ ಲೆಕ್ಕದಲ್ಲಿ ಕೊಳ್ಳುತ್ತಾರೆ. 10ರಿಂದ 60 ಕೆಜಿಯ ಒಂದು ದರ್ಜೆ, 40ರಿಂದ 200 ಕೆಜಿಯ ಇನ್ನೊಂದು, ಹೀಗೆ. ಅಲೆಯ ಹೊಡೆತಕ್ಕೆ ಕದಲದಷ್ಟು ಭಾರ ಬೇಕು, ಅದಕ್ಕಿಂತ ಜಾಸ್ತಿ ಭಾರ ಅಂದರೆ ಜಾಸ್ತಿ ದುಡ್ಡು. ಕಲ್ಲು ಸಣ್ಣದಾದರೆ ಸಂದಿಯೂ ಸಣ್ಣದು, ಒಳಗೆ ಹುಳು ಮತ್ತು ಸಣ್ಣ ಏಡಿ ಇರಬಹುದು. ಕಾಡ್ ಮೀನೋ ದೊಡ್ಡ ಏಡಿಯೋ ಒಳಗೆ ಹೊಕ್ಕು ಕೂರಬೇಕಾದರೆ ಕಲ್ಲು ದಪ್ಪ ಬೇಕು. ನಮಗೆ ಬೇಕಾದದ್ದು ಎರಡನೇ ದರ್ಜೆ, ಆರ್ಡರ್ ಆಗಿದ್ದು ಮೊದಲನೆಯದು. ಕ್ವಾರಿಯಲ್ಲಿ ಒಡೆಯುವ ಕೆಲಸ ಶುರುವಾಗಿತ್ತು. ಕಲ್ಲನ್ನು ಕೊಳವೆ ಮೂಲಕ ತಳಕ್ಕೆ ಸುರಿಯುವ ಹಡಗಿನ ದಿನಾಂಕವೂ ಗೊತ್ತಾಗಿತ್ತು.

‘ಒಂದು ತಿಂಗಳು ಮೊದಲು ಬಂದಿದ್ದರೆ ಇದು ಸ್ಪ್ರೆಡ್‌ಶೀಟಿನ ಒಂದು ಸಾಲು. ಈಗ ಇದು ಒಂದು ಹೊಸ ಕಾಂಟ್ರಾಕ್ಟ್’ ಅಂದರು ಅವರು. ವ್ಯಂಗ್ಯ ಇರಲಿಲ್ಲ, ಪಾಪ, ನಿಜಕ್ಕೂ ಬೇಜಾರಿನಲ್ಲೇ ಹೇಳಿದರು.

ನಾವು ತಡ ಮಾಡಿದ್ದು ಯಾಕೆ? ಸೋಮಾರಿತನದಿಂದಲ್ಲ. ಪರಿಸರ ತಂಡವನ್ನು ‘ಅನುಮತಿ’ ವಿಭಾಗದ ಕೆಳಗೆ ಇಟ್ಟಿದ್ದರು, ‘ವಿನ್ಯಾಸ’ ವಿಭಾಗದ ಕೆಳಗಲ್ಲ. ಅನುಮತಿಯವರಿಗೆ ಕಲ್ಲಿನ ಖರೀದಿಯ ಕ್ಯಾಲೆಂಡರ್ ಬರುತ್ತಲೇ ಇರಲಿಲ್ಲ. ಎರಡೂ ವಿಭಾಗ ಒಂದೇ ಮಹಡಿಯಲ್ಲಿ, ಒಂದೇ ಕಾಫಿ ಯಂತ್ರದ ಆಚೆ ಈಚೆ.

ಒಂದು ವಿಷಯದಲ್ಲಿ ಮಾತ್ರ ನಾವು ಹೊತ್ತಿಗೆ ಸರಿಯಾಗಿ ಇದ್ದೆವು, ಅದು ಸದ್ದಿನದು. ಕೊಳವೆಗೆ ಬೀಳುವ ಒಂದೊಂದು ಏಟೂ ನೀರಲ್ಲಿ ಬಹಳ ದೂರ ಹೋಗುತ್ತದೆ. ಅಲ್ಲಿ ಹಾರ್ಬರ್ ಪಾರ್ಪಾಯಿಸ್ ಅಂತ ಒಂದು ಪ್ರಾಣಿ ಇದೆ, ಡಾಲ್ಫಿನ್ನಿನ ಗಿಡ್ಡ ತಮ್ಮ ಅನ್ನಬಹುದು, ಮೂತಿ ಮೊಂಡು. ಅದು ಸದ್ದಿನಿಂದಲೇ ದಾರಿ ನೋಡುವುದು, ಬೇಟೆ ಆಡುವುದು. ಜರ್ಮನಿಯಲ್ಲಿ ಇದಕ್ಕೆ ಕಟ್ಟುನಿಟ್ಟಾದ ಮಿತಿ ಇದೆ: ಏಟು ಬೀಳುವ ಜಾಗದಿಂದ 750 ಮೀಟರ್ ದೂರದಲ್ಲಿ 160 ಡೆಸಿಬೆಲ್ ದಾಟಬಾರದು. ನಮ್ಮ ಯೋಜನೆಗೂ ಒಂದು ಮಿತಿ ಇತ್ತು. ಅದಕ್ಕೆ ಗುಳ್ಳೆಯ ಪರದೆ ಕಟ್ಟುತ್ತಾರೆ. ತೂತು ಇರುವ ಉದ್ದನೆಯ ಮೆದುಗೊಳವೆಯನ್ನು ತಳದಲ್ಲಿ ದೊಡ್ಡ ಸುತ್ತಾಗಿ ಹಾಸಿ, ಹಡಗಿನಿಂದ ಗಾಳಿ ತಳ್ಳುತ್ತಾರೆ. ಗುಳ್ಳೆಗಳ ಗೋಡೆ ಏಳುತ್ತದೆ. ಸದ್ದು ಅದಕ್ಕೆ ಬಡಿದು ಚದುರಿ ತಗ್ಗುತ್ತದೆ. ಡೆಕ್ ಮೇಲೆ ನಿಂತು ನೋಡಿದರೆ ಇಡೀ ಹಡಗಿನ ಸುತ್ತ ಸಮುದ್ರ ಅನ್ನದ ಎಸರಿನ ಹಾಗೆ ಕುದಿಯುತ್ತಿರುತ್ತದೆ. ಇದು ಸಲೀಸಾಗಿ ನಡೆಯಿತು. ಯಾಕೆ ಅಂದರೆ ಮಿತಿಗೆ ಒಂದು ಸಂಖ್ಯೆ ಇತ್ತು. ಸಂಖ್ಯೆ ಇದ್ದ ಕಡೆ ಎಂಜಿನಿಯರ್‌ಗಳು ಮೊದಲೇ ಲೆಕ್ಕ ಹಾಕಿ, ಹಡಗು ಗೊತ್ತು ಮಾಡಿ, ಬಜೆಟ್ ಇಟ್ಟಿರುತ್ತಾರೆ. ‘ಪ್ರಯತ್ನಿಸಬೇಕು’ ಅಂತ ಬರೆದ ಕಡೆ ಇದ್ಯಾವುದೂ ಆಗುವುದಿಲ್ಲ.

ಏನೇನು ಮಾಡಿದೆವು

ಎಲ್ಲ ಬುಡಕ್ಕೂ ದಪ್ಪ ಕಲ್ಲು ಅನ್ನುವ ಆಸೆ ಬಿಟ್ಟೆವು. ಮೂರು ದಾರಿ ಉಳಿದಿದ್ದವು. ಒಂದು, ಕೆಲವೇ ಬುಡಗಳ ಅಂಚಿನಲ್ಲಿ ಸ್ವಲ್ಪ ದಪ್ಪ ಕಲ್ಲನ್ನು ಬೇರೆಯಾಗಿ ಸುರಿಯುವುದು. ಎರಡು, ಜಾಲರಿಯಲ್ಲಿ ಖಾಲಿ ಚಿಪ್ಪು ತುಂಬಿ ಇಡುವುದು. ಮೂರು, ಬೆಳೆದ ಸಿಂಪಿಗಳನ್ನೇ ಉಕ್ಕಿನ ಮೇಜಿನ ಮೇಲೆ ಜೋಡಿಸಿ ತಳಕ್ಕೆ ಇಳಿಸುವುದು. ಅವು ಅಲ್ಲಿ ಮರಿ ಹಾಕಲಿ, ಮರಿಗಳು ಹತ್ತಿರದ ಚಿಪ್ಪನ್ನೋ ಕಲ್ಲನ್ನೋ ಹಿಡಿಯಲಿ ಅಂತ.

ಮೂರನ್ನೂ ಸ್ವಲ್ಪ ಸ್ವಲ್ಪ ಮಾಡೋಣ ಅಂತ ತೀರ್ಮಾನ ಆಯಿತು. ಈಗ ಯೋಚಿಸಿದರೆ ಅದು ಧೈರ್ಯ ಇಲ್ಲದ ತೀರ್ಮಾನ. ಇದ್ದ ದುಡ್ಡು ಮೂರು ಪಾಲಾಗಿ, ಯಾವುದಕ್ಕೂ ಸಾಲಲಿಲ್ಲ.

ಸಿಂಪಿ ಎಲ್ಲಿಂದ ತರುವುದು ಅನ್ನುವುದು ಮುಂದಿನ ಗಂಟು. ಹತ್ತಿರದ ಡಚ್ ದಂಡೆಯಲ್ಲೇ ಸಿಂಪಿ ಸಾಕುವವರು ಇದ್ದಾರೆ. ಆದರೆ ಅಲ್ಲಿ ಬೊನಾಮಿಯಾ ಇದೆ. ಸಿಂಪಿ ತಿನ್ನುವ ಮನುಷ್ಯನಿಗೆ ಅದು ಏನೂ ಮಾಡುವುದಿಲ್ಲ, ಸಿಂಪಿಯ ರಕ್ತಕಣಕ್ಕೆ ಹೊಕ್ಕು ಸಿಂಪಿಯನ್ನು ಕೊಲ್ಲುತ್ತದೆ. ರೋಗ ಇಲ್ಲದ ಜಾಗಕ್ಕೆ ನಾವೇ ರೋಗ ಹೊತ್ತುಕೊಂಡು ಹೋದರೆ? ತಂಡದಲ್ಲಿ ಇಬ್ಬರು, ‘ಪರೀಕ್ಷೆ ಮಾಡಿಸಿ ಇಲ್ಲಿಯವನ್ನೇ ಹಾಕೋಣ, ಒಂದು ವರ್ಷ ಉಳಿಯುತ್ತದೆ’ ಅಂದರು. ನಾನೂ ಅದೇ ಪಕ್ಷದಲ್ಲಿದ್ದೆ, ಒಪ್ಪಿಕೊಳ್ಳುತ್ತೇನೆ. ತಂಡದ ಹಿರಿಯ ವಿಜ್ಞಾನಿ ಮಾತ್ರ ಜಗ್ಗಲಿಲ್ಲ. ‘ತಡ ಆದರೆ ಸರಿಮಾಡಬಹುದು. ರೋಗವನ್ನು ಸಮುದ್ರದಿಂದ ವಾಪಸು ತೆಗೆಯಲು ಆಗುವುದಿಲ್ಲ’ ಅಂದರು. ನಾರ್ವೆಯ ರೋಗ ಇಲ್ಲದ ನೀರಿನಿಂದ ತರಿಸುವುದು ಅಂತಾಯಿತು. ಒಂದು ಋತು ಪೂರ್ತಿ ಕೈತಪ್ಪಿತು. ಪ್ರಕರಣದಲ್ಲಿ ನಾವು ಮಾಡಿದ ತೀರ್ಮಾನಗಳಲ್ಲಿ ಇದೊಂದರ ಬಗ್ಗೆ ನನಗೆ ಇವತ್ತಿಗೂ ಅನುಮಾನ ಇಲ್ಲ. ಬಂದ ಸಿಂಪಿಗಳನ್ನು ಒಂದೊಂದಾಗಿ ಬ್ರಶ್ಶಿನಿಂದ ಉಜ್ಜಿ ತೊಳೆದೆವು, ಚಿಪ್ಪಿಗೆ ಅಂಟಿಕೊಂಡು ಬೇರೆ ಯಾವ ಜೀವಿಯೂ ಬರಬಾರದು ಅಂತ. ಎರಡು ದಿನ ಆ ಕೆಲಸ ಮಾಡಿದ ಮೇಲೆ ನನ್ನ ಬೆರಳ ತುದಿಯೆಲ್ಲ ಬ್ಲೇಡು ತಾಗಿದ ಹಾಗೆ ಸೀಳಿತ್ತು.

ಮೇಜು ಎಲ್ಲಿ ಇಡುವುದು ಅನ್ನುವುದರಲ್ಲಿ ನಿಜವಾದ ತಿರುವು ಬಂತು. ನಾವು ಕಲ್ಲಿನ ಮೇಲೇ ಇಡಬೇಕು ಅಂದುಕೊಂಡಿದ್ದೆವು. ಕೇಬಲ್ ಎಂಜಿನಿಯರ್ ಬೇಡ ಅಂದರು. ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವ ವಿದ್ಯುತ್ ಕೇಬಲ್ ಆ ಕಲ್ಲಿನ ಹಾಸಿನ ಮೂಲಕವೇ ಹಾದು ಹೋಗುತ್ತದೆ. ಬಿರುಗಾಳಿಗೆ ಮೇಜು ಉರುಳಿ ಕೇಬಲಿಗೆ ಬಡಿದರೆ ರಿಪೇರಿ ಯಾರ ತಲೆಗೆ? ವಿಮೆಯವರು ಕೇಳುವ ಮೊದಲ ಪ್ರಶ್ನೆ ಅದೇ. ಮಾತಾಡಿ ಮಾತಾಡಿ, ಕೇಬಲಿನಿಂದ ದೂರ, ಕಲ್ಲಿನ ಹಾಸಿನ ಆಚೆ, ಮರಳಿನ ಮೇಲೆ ಇಡುವುದು ಅಂತ ರಾಜಿ ಆಯಿತು. ಎಲ್ಲರೂ ಕೈಕುಲುಕಿದೆವು. ಸಿಂಪಿಗೆ ಗಟ್ಟಿ ನೆಲ ಬೇಕು ಅಂತ ಹೊರಟವರು ಅದನ್ನು ಮರಳಿನ ಮೇಲೆ ಇಡಲು ಸಹಿ ಹಾಕಿದ್ದೇವೆ ಅನ್ನುವುದು ಆ ಮಧ್ಯಾಹ್ನ ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಸುಮ್ನೆ ಇದ್ದೆವೋ ಏನೋ.

ಮೇಲೆ ಬಂದ ಮೇಜು

ಮೂರು ಮೇಜು ಇಳಿಸಿದೆವು. ಚಳಿಗಾಲ ಕಳೆಯಿತು. ಮುಂದಿನ ಬೇಸಿಗೆಗೆ ಒಂದನ್ನು ಎತ್ತಿ ನೋಡುವ ಕೆಲಸ. ಇದು ಕೇಳುವಷ್ಟು ಸುಲಭ ಅಲ್ಲ. ಅಲೆ ಒಂದೂವರೆ ಮೀಟರ್ ದಾಟಿದರೆ ಕೆಲಸ ಇಲ್ಲ. ಉಬ್ಬರ ಇಳಿತದ ನಡುವೆ ನೀರು ಸ್ವಲ್ಪ ಹೊತ್ತು ತಟಸ್ಥ ಆಗುತ್ತದೆ, ಅಷ್ಟರೊಳಗೆ ಮುಗಿಸಬೇಕು. ಹಡಗು ಬಂದರಲ್ಲಿ ಸುಮ್ಮನೆ ಕಟ್ಟಿಹಾಕಿಕೊಂಡಿದ್ದರೂ ಬಾಡಿಗೆ ಓಡುತ್ತಲೇ ಇರುತ್ತದೆ. ನಾವು ಒಂದು ವಾರ ಬಂದರಿನಲ್ಲಿ ಕೂತು ಗಾಳಿ ನೋಡಿದೆವು. ಆ ವಾರದ ಬಾಡಿಗೆಯಲ್ಲಿ ಇನ್ನೊಂದಿಷ್ಟು ಬುಡಕ್ಕೆ ದಪ್ಪ ಕಲ್ಲು ಬರುತ್ತಿತ್ತು.

ಕೊನೆಗೆ ಒಂದು ಬೆಳಗ್ಗೆ ಹೊರಟೆವು. ರಿಮೋಟ್ ಕ್ಯಾಮೆರಾ ಕೆಳಗಿಳಿಯಿತು. ಮೊದಲ ಮೇಜು ಇದ್ದ ಜಾಗದಲ್ಲಿ ಕಾಲು ಮೇಲೆ ಮಾಡಿ ಬಿದ್ದಿತ್ತು. ಎರಡನೆಯದು ಅರ್ಧ ಮರಳಲ್ಲಿ ಹೂತಿತ್ತು, ಕೆಳಗಿನ ಸಾಲು ಕಾಣುತ್ತಲೇ ಇರಲಿಲ್ಲ. ಮೂರನೆಯದು ನೆಟ್ಟಗೆ ಇತ್ತು. ಅದನ್ನೇ ಎತ್ತಿದೆವು.

ಕ್ರೇನಿನಿಂದ ಅದು ಮೇಲೆ ಬಂದಾಗ ಮೇಜು ಅಂತ ಗುರುತೇ ಸಿಗಲಿಲ್ಲ. ಉಕ್ಕು ಒಂದಿಂಚೂ ಕಾಣದ ಹಾಗೆ ಸಮುದ್ರಹೂಗಳು (ಹೂವಿನ ಹಾಗೆ ಕಾಣುವ ಮೆತ್ತನೆಯ ಪ್ರಾಣಿಗಳು) ಮುತ್ತಿದ್ದವು, ನೀರಿಂದ ಹೊರಗೆ ಬಂದೊಡನೆ ಮುದುಡಿ ಲೋಳೆಯ ಉಂಡೆ ಆಗುತ್ತಿದ್ದವು. ಕೊಳೆತ ಕಡಲಿನ ವಾಸನೆ. ಒಂದು ಏಡಿ ಕಾಲಿನ ಸಂದಿಯಿಂದ ಡೆಕ್ಕಿಗೆ ಜಾರಿ ಬಿದ್ದು ಕ್ಯಾಪ್ಟನ್ನರ ಬೂಟಿನ ಕಡೆ ಕೊಂಡಿ ಎತ್ತಿತು. ನಾನು ಮಂಡಿಯೂರಿ ಕೂತು ಸಿಂಪಿಗಳನ್ನು ಬಿಡಿಸಿದೆ. ಬಾಯಿ ಬಿಟ್ಟದ್ದು ಸತ್ತದ್ದು, ಮುಚ್ಚಿದ್ದು ಬದುಕಿದ್ದು. ಮುಚ್ಚಿದ್ದರಲ್ಲೂ ಕೆಸರು ತುಂಬಿಕೊಂಡು ಮೋಸ ಮಾಡುವವು ಇರುತ್ತವೆ. ಎರಡನ್ನು ಒಂದಕ್ಕೊಂದು ತಟ್ಟಿ ನೋಡಬೇಕು, ಸದ್ದು ಮಂದವಾದರೆ ಎತ್ತಿ ಆಚೆ ಇಡಬೇಕು. ಅಘನಾಶಿನಿಯ ಹಿನ್ನೀರಿನಲ್ಲಿ ಬಳಚು ಅನ್ನುವ ಚಿಪ್ಪು ಆಯುವವರ ಮನೆಯಲ್ಲಿ ಬೆಳೆದವನಿಗೆ ಇದನ್ನು ಯಾವ ಕೈಪಿಡಿಯೂ ಹೇಳಿಕೊಡಬೇಕಾಗಿಲ್ಲ. ತಟ್ಟುತ್ತಾ ಹೋದೆ. ಹೆಚ್ಚಿನವು ಬದುಕಿದ್ದವು. ಬದುಕಿದ್ದವುಗಳ ಅಂಚಿನಲ್ಲಿ ಹೊಸ ಚಿಪ್ಪು ತೆಳ್ಳಗೆ, ಬೆಳ್ಳಗೆ, ಸೀರೆಯ ಫಾಲ್ ಬಿಚ್ಚಿದ ಹಾಗೆ ಹೊರಗೆ ಬಂದಿತ್ತು. ಅಂದರೆ ತಿಂದಿವೆ, ಬೆಳೆದಿವೆ.

ಹಡಗಿನ ಮೇಲೆ ಎಲ್ಲರಿಗೂ ಖುಷಿ. ಫೋಟೊ ತೆಗೆದು ಕಚೇರಿಗೆ ಕಳಿಸಿದರು. ಸಂಜೆಯೊಳಗೆ ಅದು ಕಂಪನಿಯ ಜಾಹೀರಾತಿಗೂ ಹೋಯಿತು. ನೆಟ್ಟಗಿದ್ದ ಒಂದು ಮೇಜಿನ ಫೋಟೊ ಹೋಯಿತು, ಉರುಳಿದ್ದು ಮತ್ತು ಹೂತದ್ದರ ಫೋಟೊ ಹೋಗಲಿಲ್ಲ.

ಬದುಕುವುದು ಒಂದು, ಸಂಸಾರ ಹೂಡುವುದು ಇನ್ನೊಂದು, ಅಲ್ವಾ? ನಮಗೆ ಬೇಕಾದದ್ದು ಮರಿ. ಈ ಸಿಂಪಿಯ ಬದುಕು ಸ್ವಾರಸ್ಯವಾದದ್ದು. ಗಂಡಾಗಿ ಶುರುವಾಗಿ ಆಮೇಲೆ ಹೆಣ್ಣಾಗುತ್ತದೆ, ಮತ್ತೆ ಗಂಡೂ ಆಗಬಹುದು. ತಾಯಿ ಮರಿಗಳನ್ನು ವಾರದ ಮೇಲೆ ಚಿಪ್ಪಿನೊಳಗೇ ಇಟ್ಟುಕೊಂಡು ಆಮೇಲೆ ನೀರಿಗೆ ಬಿಡುತ್ತದೆ. ಅವು ಹತ್ತು ದಿನದಿಂದ ಎರಡು ವಾರ ತೇಲಿ, ಗಟ್ಟಿ ಜಾಗ ಹುಡುಕಿ, ಅಂಟಿಕೊಂಡರೆ ಜೀವಮಾನ ಪೂರ್ತಿ ಅಲ್ಲೇ. ಆ ಕಡೆ ಇದು ನಡೆಯುವುದು ಹೆಚ್ಚಾಗಿ ಜೂನ್, ಜುಲೈನಲ್ಲಿ. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ ಇರುತ್ತದಲ್ಲ, ಹೆಚ್ಚು ಕಡಿಮೆ ಅದೇ ಹೊತ್ತು.

ನಾವು ಖಾಲಿ ಚಿಪ್ಪಿನ ಜಾಲರಿಗಳನ್ನು ಇಳಿಸಿದ್ದು ಮಾರ್ಚ್‌ನಲ್ಲಿ. ಹಡಗು ಆಗ ಸಿಕ್ಕಿತ್ತು, ಅದಕ್ಕೆ. ಜೂನ್ ಬರುವ ಹೊತ್ತಿಗೆ ಒಂದೊಂದು ಚಿಪ್ಪಿನ ಮೇಲೂ ಬಾರ್ನಕಲ್ ಅನ್ನುವ ಅಂಟಿಕೊಳ್ಳುವ ಸಣ್ಣ ಚಿಪ್ಪುಜೀವಿಗಳು, ಪಾಚಿ, ಹುಳುಗಳ ಕೊಳವೆಗಳು ಹತ್ತಿ ಕೂತಿದ್ದವು. ಸಿಂಪಿಯ ಮರಿಗೆ ಬೇಕಾದದ್ದು ಸ್ವಚ್ಛ ಚಿಪ್ಪು. ಬಸ್ಸು ಬರುವ ಮೊದಲೇ ಸೀಟೆಲ್ಲ ಟವೆಲ್ ಹಾಕಿ ಹಿಡಿದಿಟ್ಟ ಹಾಗಾಯಿತು. ಮೊದಲ ವರ್ಷ ಒಂದೂ ಮರಿ ಸಿಗಲಿಲ್ಲ.

ಎರಡನೇ ವರ್ಷ ಹಡಗಿನ ದಿನಾಂಕವನ್ನು ನೀರಿನ ಉಷ್ಣತೆ ನೋಡಿ ಇಟ್ಟೆವು. ಇದನ್ನು ಒಪ್ಪಿಸಲು ನಾಲ್ಕು ಸಭೆ ಬೇಕಾಯಿತು, ಹಡಗಿನ ವೇಳಾಪಟ್ಟಿ ಯಂತ್ರ ರಿಪೇರಿಗೆ ಇರುವುದೇ ಹೊರತು ಸಿಂಪಿಯ ಹೆರಿಗೆಗಲ್ಲ. ಆ ಬೇಸಿಗೆ ನೀರು ಸೋಸಿ ನೋಡಿದಾಗ ಸೂಕ್ಷ್ಮದರ್ಶಕದಲ್ಲಿ ಸಿಂಪಿಯ ಎಳೆ ಮರಿಗಳು ಕಂಡವು. ಶರತ್ಕಾಲದಲ್ಲಿ ಎತ್ತಿದ ಮೇಜಿನಲ್ಲಿ ಒಂದು ಸಿಕ್ಕಿತು. ಒಂದೇ ಒಂದು, ಕಿರುಬೆರಳಿನ ಉಗುರಿನಷ್ಟು. ನಾವು ಕಷ್ಟಪಟ್ಟು ಜೋಡಿಸಿದ ಜಾಲರಿಯ ಮೇಲಲ್ಲ, ಹಿಂದಿನ ವರ್ಷ ಸತ್ತು ಬಾಯಿಬಿಟ್ಟಿದ್ದ ಒಂದು ಸಿಂಪಿಯ ಒಳಚಿಪ್ಪಿನ ಮೇಲೆ. ಲ್ಯಾಬಿನವರು ಅದು ಚಪ್ಪಟೆ ಸಿಂಪಿಯೇ, ದಂಡೆಯಲ್ಲಿ ತುಂಬಿಕೊಂಡಿರುವ ಪೆಸಿಫಿಕ್ ಸಿಂಪಿ ಅಲ್ಲ ಅಂತ ಖಚಿತ ಮಾಡಿದರು.

ಅದು ನಮ್ಮ ಸಿಂಪಿಯ ಮಗುವೇ? ಹೆಚ್ಚು ಕಡಿಮೆ ಅಲ್ಲ. ಎರಡು ವಾರ ತೇಲುವ ಮರಿ ಆ ಸೆಳೆತದಲ್ಲಿ ಎಲ್ಲಿಗೋ ಹೋಗಿರುತ್ತದೆ. ನಮ್ಮ ಮಕ್ಕಳು ಇನ್ಯಾರದೋ ಮನೆಯಲ್ಲಿ, ಇನ್ಯಾರದೋ ಮಗು ನಮ್ಮ ಮನೆಯಲ್ಲಿ. ಇದು ಮೊದಲೇ ಗೊತ್ತಿದ್ದ ವಿಷಯ, ಆದರೆ ಯೋಜನೆ ಬರೆಯುವಾಗ ಒಂದೇ ಯೋಜನೆಯ ಗಡಿಯೊಳಗೆ ಫಲ ತೋರಿಸುತ್ತೇವೆ ಅಂತ ಬರೆದಿದ್ದೆವು. ಸಿಂಪಿಗೆ ನಮ್ಮ ಗಡಿಯ ನಕ್ಷೆ ಯಾರು ತೋರಿಸಿದ್ದರು?

ಮೀನು ಯಾರದ್ದು

ಅಚ್ಚರಿ ಬೇರೆ ಕಡೆ ಇತ್ತು. ಹೋಲಿಕೆಗೆ ಅಂತ ನಾವು ಏನೂ ಮಾಡದ ಕೆಲವು ಬುಡಗಳಿಗೂ ಕ್ಯಾಮೆರಾ ಇಳಿಸುತ್ತಿದ್ದೆವು. ಬರೀ ಸಣ್ಣ ಕಲ್ಲು, ಸಿಂಪಿ ಇಲ್ಲ, ಜಾಲರಿ ಇಲ್ಲ. ಅಲ್ಲೂ ಜೀವ ತುಂಬಿ ತುಳುಕುತ್ತಿತ್ತು. ಕೊಳವೆಯ ಮೇಲ್ಭಾಗದಲ್ಲಿ ನಮ್ಮ ನೀಲಿಕಲ್ಲು ಚಿಪ್ಪಿನ ನೆಂಟ ಅನ್ನಬಹುದಾದ ಮಸ್ಸೆಲ್ ದಪ್ಪಗೆ ಹತ್ತಿತ್ತು. ಕೆಳಗೆ ಸಮುದ್ರಹೂ, ಏಡಿ, ಗುಂಪು ಗುಂಪಾಗಿ ಬಿಬ್ ಅನ್ನುವ ಪಟ್ಟೆಪಟ್ಟೆ ಮೀನು. ದಪ್ಪ ಕಲ್ಲು ಸುರಿದ ಅಂಚಿನಲ್ಲಿ ದೊಡ್ಡ ಏಡಿಗಳೂ ಆಗಾಗ ಒಂದು ಕಾಡ್ ಮೀನೂ ಜಾಸ್ತಿ ಕಂಡವು, ನಿಜ. ಹಾಗೆ ನೋಡಿದರೆ ನಮ್ಮ ಮೂರು ದಾರಿಗಳಲ್ಲಿ ಕಣ್ಣಿಗೆ ಕಾಣುವ ಫಲ ಕೊಟ್ಟದ್ದು ಈ ಕಲ್ಲು ಒಂದೇ. ಒಮ್ಮೆ ಸುರಿದ ಮೇಲೆ ಅದಕ್ಕೆ ಹಡಗೂ ಬೇಡ, ಕ್ರೇನೂ ಬೇಡ. ಪತ್ರಿಕೆಯಲ್ಲಿ ಫೋಟೊ ಬಂದದ್ದು ಮಾತ್ರ ಸಿಂಪಿಯದ್ದು.

ಬಂದರಿನ ಕಾಫಿ ಅಂಗಡಿಯಲ್ಲಿ ಒಬ್ಬ ಹಳೆಯ ಮೀನುಗಾರರಿಗೆ ಈ ವಿಡಿಯೊ ತೋರಿಸಿದೆ. ಅವರು ಬೀಮ್ ಟ್ರಾಲ್ ಅನ್ನುವ ತಳ ಕೆರೆಯುವ ಬಲೆ ಎಳೆಯುತ್ತಿದ್ದವರು, ಆ ಜಾಗ ಅವರ ಕೈಬಿಟ್ಟು ಹೋಗಿತ್ತು. ಪೂರ್ತಿ ನೋಡಿ ಹೇಳಿದರು: ‘ಚೆನ್ನಾಗಿದೆ. ಆದರೆ ಈ ಮೀನು ಹೊಸದಾಗಿ ಹುಟ್ಟಿದ್ದೋ, ಸುತ್ತಲಿನ ಮರಳಿನಿಂದ ಇಲ್ಲಿಗೆ ಬಂದು ಸೇರಿದ್ದೋ?’

ಅವರು ಕೇಳಿದ್ದು ಈ ಇಡೀ ವಿಷಯದ ಅತ್ಯಂತ ಕಷ್ಟದ ಪ್ರಶ್ನೆ. ವಿಜ್ಞಾನಿಗಳು ಕೃತಕ ಬಂಡೆಗಳ ಬಗ್ಗೆ ದಶಕಗಳಿಂದ ಇದನ್ನೇ ವಾದಿಸುತ್ತಿದ್ದಾರೆ. ಒಂದು ಕಂಬದ ಸುತ್ತ ಎಣಿಸಿದರೆ ಉತ್ತರ ಸಿಗುವುದಿಲ್ಲ. ಸುತ್ತಲಿನ ಮರಳಿನಲ್ಲೂ ಎಣಿಸಬೇಕು, ಕಟ್ಟುವ ಮುಂಚೆಯೂ ಎಣಿಸಿರಬೇಕು. ನಮ್ಮ ಹತ್ತಿರ ಮುಂಚಿನ ಎಣಿಕೆ ಇತ್ತು, ಆದರೆ ಬೇರೆ ಋತುವಿನದ್ದು. ಹೋಲಿಸಲು ಬರಲಿಲ್ಲ.

ಆ ವಾರ ತದಡಿಯಲ್ಲಿರುವ ಮಾವನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವನು ನಕ್ಕ. ‘ಮುಳುಗಿದ ದೋಣಿ ಹತ್ರ ಮೀನು ಇರ್ತದೆ ಅಂತ ಹೇಳೂಕೆ ಅಷ್ಟು ದೂರ ಹೋಗ್ಬೇಕಿತ್ತಾ ಮಾರಾಯ?’ ಅಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದ: ‘ಅಲ್ಲಾ, ಆ ಬಲೆ ಹಾಕ್ತಿದ್ದವ್ರು ಈಗ ಎಲ್ಲಿ ಹಾಕ್ತಾರೆ?’

‘ಬೇರೆ ಕಡೆ, ಮಾವ.’

‘ಹಂಗಾರೆ ಅಲ್ಲಿ ಎರಡು ಪಟ್ಟು ಕೆರೀತಾರೆ.’

ನಮ್ಮ ವರದಿಯ ಯಾವ ಪುಟದಲ್ಲೂ ಆ ‘ಬೇರೆ ಕಡೆ’ ಇರಲಿಲ್ಲ.

ಈ ಪ್ರಕರಣದಿಂದ ನಾನು ಹೊತ್ತು ತಂದದ್ದು

ಮೊದಲನೆಯದು ಕ್ಯಾಲೆಂಡರ್. ಪರಿಸರದವರು ಸೇರಬೇಕಾದದ್ದು ಅನುಮತಿಯ ಸಭೆಗಲ್ಲ, ಖರೀದಿಯ ಸಭೆಗೆ. ಅಲ್ಲಿಗೆ ಹೋಗುವಾಗ ಚಿತ್ರ ಬೇಡ, ಸಂಖ್ಯೆ ಬೇಕು. ಎಷ್ಟು ಕೆಜಿಯ ಕಲ್ಲು, ಎಷ್ಟು ಬುಡಕ್ಕೆ, ಎಷ್ಟು ಅಗಲಕ್ಕೆ. ‘ಸಂದಿಗಳು ವೈವಿಧ್ಯವಾಗಿರಬೇಕು’ ಅಂದರೆ ಎಂಜಿನಿಯರ್ ಪಾಪ ಏನು ಬರೆದುಕೊಳ್ಳುತ್ತಾರೆ?

ಕೇಬಲಿನ ವಿಷಯದಲ್ಲಿ ನಾವು ರಾಜಿ ಮಾಡಿಕೊಳ್ಳಬಾರದಿತ್ತು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವರ ಭಯ ನಿಜವಾದದ್ದು. ನಮ್ಮ ತಪ್ಪು ಅಂದರೆ ರಾಜಿ ಆದ ಮೇಲೆ ‘ಇದು ಈಗಲೂ ನಮ್ಮ ಉದ್ದೇಶಕ್ಕೆ ಹೊಂದುತ್ತದಾ?’ ಅಂತ ಮತ್ತೊಮ್ಮೆ ಕೇಳಿಕೊಳ್ಳದೆ ಇದ್ದದ್ದು. ಮರಳಿನ ಮೇಲೆ ಇಡುವುದಾದರೆ ಮೇಜಿನ ಅಡಿಗೆ ಸ್ವಲ್ಪ ಕಲ್ಲು ಸುರಿಯಿರಿ ಅಂತಾದರೂ ಕೇಳಬಹುದಿತ್ತು, ಸುರಿಯುವ ಹಡಗು ಅಲ್ಲೇ ಇತ್ತು. ಅಥವಾ ಮೇಜಿನ ಕೆಲಸವನ್ನೇ ಕೈಬಿಟ್ಟು, ದುಡ್ಡನ್ನೆಲ್ಲ ದಪ್ಪ ಕಲ್ಲಿಗೆ ಹಾಕಬಹುದಿತ್ತು. ಕೆಲಸ ನಿಲ್ಲಿಸುವ ತೀರ್ಮಾನ ತೆಗೆದುಕೊಳ್ಳಲು ನಮ್ಮ ಹತ್ತಿರ ಯಾವ ಜಾಗವೂ ಇರಲಿಲ್ಲ, ಯಾಕೆ ಅಂದರೆ ಸಿಂಪಿಯ ಹೆಸರು ಆಗಲೇ ಜಾಹೀರಾತಿನಲ್ಲಿ ಬಂದುಬಿಟ್ಟಿತ್ತು.

ಕಟ್ಟುವ ತಂಡ ಹೋಗಿ ನಡೆಸುವ ತಂಡ ಬಂದಾಗ ಇನ್ನೊಂದು ಕಂದಕ ಇತ್ತು. ಹಸ್ತಾಂತರದ ಪಟ್ಟಿಯಲ್ಲಿ ಒಂದೊಂದು ಬೋಲ್ಟೂ ಇತ್ತು, ಮೇಜುಗಳು ಇರಲಿಲ್ಲ. ಹೊಸ ತಂಡಕ್ಕೆ ಅವು ತಳದಲ್ಲಿ ಬಿದ್ದಿರುವ ಯಾರದೋ ಉಕ್ಕು. ಅದಕ್ಕೆ ಹಡಗಿನ ದಿನ ಯಾರ ಖಾತೆಯಿಂದ ಅನ್ನುವುದರಲ್ಲೇ ಐದು ತಿಂಗಳು ಹೋಯಿತು.

ಇನ್ನೊಂದು ವಿಷಯ ಇನ್ನೂ ಬಗೆಹರಿದಿಲ್ಲ. ಕಾಲ ಮುಗಿದ ಮೇಲೆ ಕಡಲಿನ ರಚನೆಗಳನ್ನು ಕಿತ್ತು ತೆಗೆಯಬೇಕು ಅನ್ನುವುದು ಅಲ್ಲಿಯ ನಿಯಮ. ಸಮುದ್ರವನ್ನು ಕಸದ ತೊಟ್ಟಿ ಮಾಡಬಾರದು ಅನ್ನುವುದು ಅದರ ಹಿಂದಿನ ಯೋಚನೆ, ಸರಿಯಾದದ್ದೇ. ಆದರೆ ಮೂವತ್ತು ವರ್ಷ ಬೆಳೆದ ಬಂಡೆಯ ಊರನ್ನು ಕೊನೆಗೆ ಕ್ರೇನ್ ಹಾಕಿ ಎತ್ತಬೇಕಾ? ಕೊಳವೆ ತೆಗೆದು ಕಲ್ಲು ಬಿಡಬಹುದಾ? ನಮ್ಮ ಯೋಜನೆಯ ಕಾಗದಗಳಲ್ಲಿ ಆ ಪ್ರಶ್ನೆಯ ಮುಂದೆ ಖಾಲಿ ಜಾಗ ಇದೆ.

ಭಾರತದಲ್ಲಿ ಈಗ ಇದೇ ಕೆಲಸ ಶುರುವಾಗುವ ಹೊತ್ತು. 2015ರಲ್ಲಿ ಕಡಲ ಗಾಳಿ ನೀತಿ ಬಂತು. 2024ರ ಜೂನ್‌ನಲ್ಲಿ ಗುಜರಾತಿಗೆ 500, ತಮಿಳುನಾಡಿಗೆ 500 ಮೆಗಾವಾಟ್ ಅಂತ ಕೇಂದ್ರ ಸಂಪುಟ 7,453 ಕೋಟಿ ರೂಪಾಯಿ ನೆರವಿಗೆ ಒಪ್ಪಿತು. ಖಂಭಾತ್ ಕೊಲ್ಲಿಯಲ್ಲಿ ಉಬ್ಬರ ಇಳಿತದ ಜೋರು ಎಂಥದ್ದು ಅಂತ ಅಲ್ಲಿ ದೋಣಿ ನಡೆಸಿದವರಿಗೆ ಗೊತ್ತು. ತಮಿಳುನಾಡಿನ ಕಡೆ ಮನ್ನಾರ್ ಕೊಲ್ಲಿಯಲ್ಲಿ 21 ದ್ವೀಪಗಳ ರಾಷ್ಟ್ರೀಯ ಉದ್ಯಾನ, ಹವಳ, ಕಡಲಹುಲ್ಲು, ಅದನ್ನು ಮೇಯುವ ಕಡಲಹಸು. ಅಲ್ಲಿಗೆ ಉತ್ತರ ಸಮುದ್ರದ ಸಿಂಪಿ ಮೇಜನ್ನು ಹೊತ್ತುಕೊಂಡು ಹೋದರೆ ಅಪಹಾಸ್ಯ ಅಷ್ಟೇ. ಬರೀ ಮರಳಿದ್ದ ಕಡೆ ಕಲ್ಲು ಹಾಕಿದರೆ ಏನೋ ಸೇರುತ್ತದೆ, ಆಗಲೇ ಜೀವ ತುಂಬಿದ ಕಡೆ ಮೊದಲು ಕೇಳಬೇಕಾದದ್ದು ಎಲ್ಲಿ ಕಟ್ಟಬಾರದು ಅನ್ನುವುದನ್ನು. ಅಲ್ಲಿ ಮೀನು ಹಿಡಿಯುವವರು ಬಲೆ ಎತ್ತಿಕೊಂಡು ಹೋಗಲು ‘ಬೇರೆ ಕಡೆ’ ಇಲ್ಲದ ಸಣ್ಣ ದೋಣಿಯವರು. ಮಾವನ ಪ್ರಶ್ನೆಯನ್ನು ಅಲ್ಲಿ ಮೊದಲ ಪುಟದಲ್ಲೇ ಬರೆಯಬೇಕು.

(ಹಕ್ಕಿಗಳ ವಿಷಯ ನಾನು ಮುಟ್ಟಿಲ್ಲ, ಅದು ಬೇರೆಯದೇ ಪ್ರಕರಣ. 2023ರ ಮೇ 13ರ ರಾತ್ರಿ ವಲಸೆ ಹಕ್ಕಿಗಳಿಗಾಗಿ ಡಚ್ಚರು ಎರಡು ಕಡೆ ಕಡಲ ಯಂತ್ರಗಳನ್ನು ನಾಲ್ಕು ಗಂಟೆ ಬಹುತೇಕ ನಿಲ್ಲಿಸಿದರು. ಅಲ್ಲೂ ಕೆಲಸ ಮಾಡಿದ್ದು ಮೊದಲೇ ಗೊತ್ತುಮಾಡಿದ ಒಂದು ಸಂಖ್ಯೆ: ನಿಮಿಷಕ್ಕೆ ಎರಡು ಸುತ್ತಿಗಿಂತ ಜಾಸ್ತಿ ತಿರುಗಬಾರದು.)

ಉರುಳಿದ ಮೇಜನ್ನು ಆಮೇಲೆ ಎತ್ತಿದೆವು. ಹೂತದ್ದು ಇನ್ನೂ ಅಲ್ಲೇ ಇದೆ.

ಮುಂದಿನ ಯೋಜನೆಗೆ ನನ್ನನ್ನು ಕರೆದಾಗ ವಿನ್ಯಾಸ ಇನ್ನೂ ಕಾಗದದ ಮೇಲಿತ್ತು. ಅಡಿಪಾಯದ ಎಂಜಿನಿಯರ್ ಅವರೇ, ಆ ಮೊದಲ ಸಭೆಯವರು. ಫೋನ್ ಮಾಡಿ, ‘ಕಲ್ಲಿನ ಆರ್ಡರ್ ಇನ್ನೂ ಹೋಗಿಲ್ಲ, ಈ ಸಲ ಎಷ್ಟು ಕೆಜಿಯದ್ದು ಬೇಕು ಹೇಳಿ’ ಅಂದರು. ನಾನು ಕಾಡ್ ಮೀನಿನ ಗಾತ್ರ, ಏಡಿಯ ಗಾತ್ರ, ಅದು ಋತುವಿನ ಮೇಲೆ ಹೋಗುತ್ತದೆ, ಇದು ಸೆಳೆತದ ಮೇಲೆ ಹೋಗುತ್ತದೆ ಅಂತ ಶುರುಮಾಡಿದೆ. ಅವರು ತಾಳ್ಮೆಯಿಂದ ಕೇಳಿದರು. ‘ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಪಟ್ಟಿ ಮುಚ್ಚುತ್ತೇನೆ. ಅಷ್ಟರೊಳಗೆ ಒಂದು ಸಂಖ್ಯೆ ಕಳಿಸಿ’ ಅಂದರು.

ಅವತ್ತು ಶುಕ್ರವಾರ ಸಂಜೆ.